ಕೆನ್ನೆಗೆ ಹಚ್ಚಿದ ಮರಳು

ಹೊಂಬಾಳೆಯ ತುದಿಯಿಂದ ಒಂದು ಹನಿ ಕಳಚಿ ರಕೇರಾಳ ಅಂಗೈ ಮೇಲೆ ಬಿತ್ತು.

ಅವಳು ಅದನ್ನು ಮೂಸಿದಳು, ನಾಲಗೆಗೆ ತಾಗಿಸಿದಳು. ಆಮೇಲೆ ಕತ್ತೆತ್ತಿ, "ಸಾರ್ಜೆಂಟ್ರೇ, ಇದಿನ್ನೂ ಹುಳಿ ಬಂದಿಲ್ಲ. ಸಿಹಿಯಾಗೇ ಇದೆ" ಅಂದಳು.

ಬಾಗಿದ ತೆಂಗಿನ ಮರವನ್ನು ಕಪ್ಪೆಯ ಹಾಗೆ ಅವಚಿಕೊಂಡಿದ್ದ ಸಾರ್ಜೆಂಟ್ ಬಾಟಿರಿಗೆ ಉತ್ತರ ಕೊಡುವಷ್ಟು ಉಸಿರು ಉಳಿದಿರಲಿಲ್ಲ. ಪೊಲೀಸು ಕೆಲಸಕ್ಕೆ ಸೇರಿದ ಮೇಲೆ ಅವನು ಮರ ಹತ್ತಿದ್ದೇ ಅಪರೂಪ. ಹೊಂಬಾಳೆಯನ್ನು ನೀಲಿ ನೈಲಾನ್ ದಾರದಿಂದ ಬಿಗಿದು ಸುತ್ತಿದ್ದರು. ತುದಿಯನ್ನು ಓರೆಯಾಗಿ ಕೆತ್ತಿ, ಕೆಳಗೊಂದು ಕರಟ ನೇತುಹಾಕಿದ್ದರು; ಅದು ತುಂಬಿ ತುಳುಕುತ್ತಿತ್ತು. ಕೆತ್ತಿದ ಜಾಗ ಕಂದು ತಿರುಗಿರಲಿಲ್ಲ. ಹಸಿ ಮೂಲಂಗಿಯ ಹಾಗೆ ಬೆಳ್ಳಗಿತ್ತು.

"ಇವತ್ತು ಬೆಳಿಗ್ಗೆ ಕೆತ್ತಿದ್ದು" ಎಂದು ಕೊನೆಗೂ ಹೇಳಿದ. ಹೇಳುವಾಗ ಅವನ ದನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು.

ಅಬಾರೊರೊ ದ್ವೀಪದಲ್ಲಿ ಜನ ವಾಸ ಬಿಟ್ಟು ನಲವತ್ತು ವರ್ಷದ ಮೇಲಾಗಿತ್ತು. ಹಳೆಯ ಗಡಿಕಲ್ಲು ಗುರುತಿಸಲು ಒಬ್ಬನೇ ಬಂದಿಳಿದಿದ್ದ ಜಮೀನು ಕಚೇರಿಯ ಇಯೊಟೆಬಾ ಕಾಣೆಯಾಗಿದ್ದ. ಅವನನ್ನು ಹುಡುಕಲು ನಿನ್ನೆ ಸಂಜೆ ಇಲ್ಲಿ ಇಳಿದವರು ನಾಲ್ವರೇ. ಆ ನಾಲ್ವರೂ ಬೆಳಿಗ್ಗೆ ಪಡುವಣ ದಂಡೆಯಲ್ಲಿ ಒಂದೇ ಒಲೆಯ ಸುತ್ತ ಕೂತು ರೊಟ್ಟಿ ತಿಂದಿದ್ದರು.

ಹಾಗಾದರೆ ಈ ಮರ ಹತ್ತಿದವನು ಯಾರು?

ಬದುಕಿದ್ದಾನೆ ಎಂಬ ಮಾತು ಬಾಟಿರಿಯ ನಾಲಗೆಯ ತುದಿಗೆ ಬಂದು ನಿಂತಿತು. ಆಡಿಬಿಟ್ಟರೆ ಎಲ್ಲಿ ಸುಳ್ಳಾಗುತ್ತದೋ ಎಂದು ನುಂಗಿಕೊಂಡ. ಇಯೊಟೆಬಾ ಅವನ ತಂಗಿಯ ಗಂಡ. ಬಂದರಿನಲ್ಲಿ ತಂಗಿ ಮೀರೆ ಅಳಲಿಲ್ಲ. "ಬರುವಾಗ ಕರ್ಕೊಂಡೇ ಬಾ ಅಣ್ಣ" ಅಂದಿದ್ದಳು ಅಷ್ಟೆ, ಅಂಗಡಿಯಿಂದ ಅಕ್ಕಿ ತಾ ಅನ್ನುವ ಹಾಗೆ. ಇವರನ್ನು ತಂದ ಹಡಗು ನಾಳೆ ಹೊರಟುಬಿಡುತ್ತದೆ. ಆಮೇಲೆ ಈ ಕಡಲಿಗೆ ಮತ್ತೊಂದು ಹಡಗು ಬರುವುದು ಯಾವ ತಿಂಗಳೋ.

"ಇವತ್ತಿನದೇನಪ್ಪಾ? ಸರಿಯಾಗಿ ನೋಡಿದ್ಯಾ?"

ಕೆಳಗೆ, ಹಾಳುಬಿದ್ದ ಕೆಸುವಿನ ಗುಂಡಿಯ ಅಂಚಿನಲ್ಲಿ ಕೂತಿದ್ದ ಮುದುಕ ಟೆಬಾನೊ ಕೇಳಿದ. ಈ ನೆಲದಲ್ಲಿ ಹುಟ್ಟಿದವನು. ಬರಗಾಲದಲ್ಲಿ ಬಾವಿಗಳೆಲ್ಲ ಉಪ್ಪಾಗಿ, ಸರಕಾರ ಇಡೀ ಊರನ್ನು ಹಡಗಿಗೆ ಹತ್ತಿಸಿ ದೂರದ ಸೊಲೊಮನ್ ದ್ವೀಪಗಳಿಗೆ ಸಾಗಿಸಿದಾಗ ಹರೆಯದ ಹುಡುಗನಾಗಿದ್ದೆ ಎಂದು ಹೇಳುತ್ತಿದ್ದ. ಈಗ ಮೀನಿನ ಕಂಪನಿಯೊಂದು ದ್ವೀಪದ ನಡುವಿನ ಒಳಗಡಲನ್ನು ಗುತ್ತಿಗೆಗೆ ಕೇಳುತ್ತಿದೆ. ಕೊಡಬೇಕೋ ಬೇಡವೋ ಎಂದು ಹೇಳುವ ಹಕ್ಕು ಇಲ್ಲಿ ಹುಟ್ಟಿ ಉಳಿದಿರುವ ಕೆಲವೇ ಹಿರಿಯರದು. ಅದಕ್ಕೇ ಸೊಲೊಮನ್‌ನಿಂದ ಬಂದರಿನೂರಿಗೆ ಮರಳಿ ಬಂದಿದ್ದ. ಹುಡುಕುವವರಿಗೆ ದಾರಿ ತೋರಿಸುತ್ತೇನೆಂದು ತಾನಾಗಿಯೇ ಹಡಗು ಹತ್ತಿದ್ದ.

"ಇವತ್ತಿನದೇ ಅಜ್ಜಾರೇ" ಎಂದ ಬಾಟಿರಿ, ಜಾರುತ್ತಾ ಇಳಿಯುತ್ತಾ.

ಮುದುಕ ಮರದ ತುದಿಯನ್ನೇ ನೋಡುತ್ತ ಕೂತ.

"ಒಂದು ಮರದ ನೀರಾ ಒಬ್ಬನ ಹೊಟ್ಟೆಗೆ ಸಾಲಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಕೋಲೂರಿ ಎದ್ದ. "ಸಾರ್ಜೆಂಟಪ್ಪಾ, ನಿನ್ನ ಕತ್ತಿ ಸ್ವಲ್ಪ ಕೊಡು. ಇನ್ನೂ ಇಳಿತ ಇದೆ, ಕಡಲ ಕಾಲುವೆ ದಾಟಿ ಮೂಡಣ ದಿಣ್ಣೆಗೆ ಹೋಗಿ ಬರ್ತೀನಿ. ಅವ್ವನ ಗೋರಿ ಅಲ್ಲಿದೆ. ಪೊದೆ ಬೆಳೆದು ಮುಚ್ಚಿಹೋಗಿರುತ್ತೆ."

"ನಾನೂ ಬರ್ಲಾ ಅಜ್ಜಾರೇ?"

"ತಾಯಿ ಮಗನ ಮಾತು ಅದು. ನಿನಗ್ಯಾಕೆ?"

ಬಾಟಿರಿ ಸೊಂಟದ ಕತ್ತಿ ಬಿಚ್ಚಿ, ಹಿರಿಯರಿಗೆ ಕೊಡುವ ಹಾಗೆ ಹಿಡಿಯನ್ನು ಅವರ ಕಡೆ ಮಾಡಿ, ಎರಡೂ ಕೈಯಲ್ಲಿ ಕೊಟ್ಟ. ಮಂಡಿನೋವಿನ ಮುದುಕ ಎಡವಬಾರದೆಂದು ತೋಳು ಹಿಡಿದು ಕಾಲುವೆಯ ದಂಡೆಯವರೆಗೂ ಬಿಟ್ಟುಬಂದ.

ಅವನು ವಾಪಸು ಬರುವಷ್ಟರಲ್ಲಿ ರಕೇರಾ ಮರದ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಸ್ಪತ್ರೆಯ ದಾದಿ. ಇಯೊಟೆಬಾ ಗಾಯಗೊಂಡು ಸಿಕ್ಕರೆ ಇರಲಿ ಎಂದು ಕಳಿಸಿದ್ದರು. ಬಾಯಿ ಸ್ವಲ್ಪ ಜೋರು.

"ಸಾರ್ಜೆಂಟ್ರೇ, ನಿಮ್ಮ ತಂಗಿ ಗಂಡ ಮರ ಹತ್ತಿದ್ನಾ? ಮದುವೆ ದಿನ ಬೆಂಚಿನ ಮೇಲೆ ನಿಲ್ಲೋಕೇ ಅವನನ್ನ ಇಬ್ಬರು ಹಿಡ್ಕೊಂಡಿದ್ರು. ನಾನೇ ಕಣ್ಣಾರೆ ನೋಡಿದೀನಿ."

"ಅದೇ ನನಗೂ ಹೊಳೀತಿಲ್ಲ."

"ಕುಡಿಯೋಕೆ ಬೇರೆ ಏನೂ ಇಲ್ಲದಿದ್ರೆ ಮನುಷ್ಯ ಹತ್ತುತ್ತಾನೆ ಬಿಡಿ."

ಬೆಳಿಗ್ಗೆ ಇಯೊಟೆಬಾನ ಗುಡಾರದಲ್ಲಿ ಕಂಡದ್ದು ಇಬ್ಬರ ಕಣ್ಣಮುಂದೆಯೂ ಬಂತು. ಕುಡಿಯುವ ನೀರಿನ ಪೀಪಾಯಿ. ತುಂಬಿದ್ದು ತುಂಬಿದ ಹಾಗೇ ಇತ್ತು. ಮುಚ್ಚಳ ತೆಗೆದರೆ ನೀರ ಮೇಲೆ ಕಾಮನಬಿಲ್ಲಿನ ಪೊರೆ. ಮೂಗಿಗೆ ಅಡರಿದ ಸೀಮೆಎಣ್ಣೆಯ ವಾಸನೆ. ಊರ ಬಾವಿಗಳ ನೀರು ಬಾಯಿಗಿಡುವ ಹಾಗಿಲ್ಲ. ಅವನನ್ನು ಬಾಯಾರಿಸಿ ಕೊಲ್ಲಲೆಂದೇ ಯಾರೋ ನೀರು ಕೆಡಿಸಿದ್ದರು.

"ಇನ್ನೊಂದು ವಿಷಯ" ಎಂದ ಬಾಟಿರಿ ದನಿ ತಗ್ಗಿಸಿ. "ಆ ದಾರದ ಗಂಟು ನೋಡಿದೆ. ತುದಿಯಿಂದ ಬುಡಕ್ಕೆ ಸುತ್ತಿ, ಕೊನೆಯ ಸುತ್ತನ್ನ ಎರಡು ಸಲ ಒಳಗೆ ತೂರಿಸಿದಾರೆ. ನಮ್ಮ ಕಡೆ ಹಾಗೆ ಕಟ್ಟಲ್ಲ."

"ಮತ್ತೆ ಯಾರ ಕಡೆ?"

"ನಿನ್ನೆ ನಮ್ಮ ಮೂಟೆಗಳನ್ನೆಲ್ಲ ಕಟ್ಟಿದ್ದು ಯಾರು?"

ರಕೇರಾಳ ಬಾಯಿ ಅರ್ಧ ತೆರೆಯಿತು. ಕಬೂಟಾ. ದೋಣಿಯವನು.

ರಕೇರಾಳ ಜೊತೆ ಪಡುವಣ ದಂಡೆಯ ಕಡೆ ನಡೆಯುತ್ತ ಬಾಟಿರಿ ಯೋಚಿಸುತ್ತಿದ್ದ. ಗಂಟು ನೋಡಿ ಒಬ್ಬನನ್ನು ಹಿಡಿಯುವುದೇ? ಮೇಲಧಿಕಾರಿಗಳು ನಗುವುದಿಲ್ಲವೇ? ದಾರಿಯ ಎರಡೂ ಕಡೆ ಸತ್ತ ಊರು ಮಲಗಿತ್ತು. ದಕ್ಷಿಣದ ಇಕ್ಕಟ್ಟಾದ ದ್ವೀಪಗಳಿಂದ ಜಾಗ ಸಾಲದೆ ಬಂದವರು ಕಟ್ಟಿದ ಊರು. ಹವಳದ ಚಪ್ಪಡಿ ಹಾಸಿದ ಬೀದಿ ನೇರವಾಗಿಯೇ ಇತ್ತು, ಆದರೆ ಅದರ ಮೇಲೆ ನಡೆಯುವವು ಈಗ ಏಡಿಗಳು. ಮಳೆನೀರಿನ ತೊಟ್ಟಿಯ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಬುಕಾ ಎಂಬ ಕಾಡುಮರಗಳ ತುಂಬ ಕಡಲಹಕ್ಕಿಗಳು ಕೂತು, ಮನುಷ್ಯರನ್ನು ಕಂಡು ಹೆದರಬೇಕೆಂಬುದೇ ಗೊತ್ತಿಲ್ಲದೆ, ಕತ್ತು ಓರೆ ಮಾಡಿ ನೋಡುತ್ತಿದ್ದವು.

ಆ ಮರಗಳ ಹಿಂದೆ ಎಲ್ಲೋ ಇಯೊಟೆಬಾ ಕೂಡ ಹೀಗೇ ನೋಡುತ್ತಿರಬಹುದೇ? ನೋಡುತ್ತಿದ್ದರೆ ಹೊರಗೆ ಯಾಕೆ ಬರುತ್ತಿಲ್ಲ? ಹೆಂಡತಿಯ ಅಣ್ಣ ಇಲ್ಲೇ ಹೆಸರು ಹಿಡಿದು ಕೂಗುತ್ತಿದ್ದಾನಲ್ಲ, ಬೆಳಿಗ್ಗೆಯಿಂದ?

ಕಬೂಟಾ ಹಳೆಯ ಸಭಾಮನೆಯ ನೆರಳಿನಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಸಭಾಮನೆಗೆ ಸೂರು ಇರಲಿಲ್ಲ. ಹವಳದ ಕಂಬಗಳು ಮಾತ್ರ, ಎದ್ದು ನಿಂತ ಮುದುಕರ ಹಾಗೆ.

"ಏನ್ ಸಾರ್ಜೆಂಟ್ರೇ, ಅಂಗಿ ನೋಡಿದ್ರೆ ಮರ ಹತ್ತಿದ ಹಾಗಿದೆ? ಮರ ಹೇಗಿದೆ, ನೋವಾಗಿಲ್ಲ ತಾನೇ?"

ಬಾಟಿರಿ ನಗಲಿಲ್ಲ. ಎದುರಿಗೆ ಕೂತ. "ಕಬೂಟಾ, ಈ ದ್ವೀಪಕ್ಕೆ ನೀನು ಮೊದಲ ಸಲ ಬಂದದ್ದು ಯಾವಾಗ?"

"ನಿನ್ನೆ. ನಿಮ್ಮ ಜೊತೆಗೇ. ನೀವು ದೋಣಿ ಅಂಚಿಗೆ ಬಗ್ಗಿ ವಾಂತಿ ಮಾಡ್ತಿದ್ರಲ್ಲ, ನೆನಪಿರಲಿಕ್ಕಿಲ್ಲ."

"ನೆನಪಿದೆ. ದೋಣಿ ಇಳಿದ ತಕ್ಷಣ ನಾನು ಬಗ್ಗಿ ಮರಳು ತಗೊಂಡು ಕೆನ್ನೆಗೆ ಹಚ್ಚಿಕೊಂಡೆ. ರಕೇರಾನೂ ಹಚ್ಚಿಕೊಂಡಳು. ನೀನು?"

ಬಲೆಯ ಮೇಲೆ ಓಡುತ್ತಿದ್ದ ಕೈ ನಿಂತಿತು.

ಹೊಸ ನೆಲಕ್ಕೆ ಕಾಲಿಟ್ಟವನು ಮೊದಲು ಮಾಡುವ ಕೆಲಸ ಅದು. ಚರ್ಚಿಗೆ ಹೋಗುವವನೂ ಮಾಡುತ್ತಾನೆ, ಹೋಗದವನೂ ಮಾಡುತ್ತಾನೆ. ಹಿಡಿ ಮರಳು ಎತ್ತಿ ಎರಡೂ ಕೆನ್ನೆಗೆ ಸವರಿ, ನಾನು ಹೊಸಬ, ನನ್ನ ವಾಸನೆ ನಿಮಗೆ ಹೊಸದು, ಬಿಟ್ಟುಕೊಳ್ಳಿ ಎಂದು ಆ ನೆಲದ ಕಣ್ಣಿಗೆ ಕಾಣದ ಯಜಮಾನರನ್ನು ಬೇಡಿಕೊಳ್ಳುವುದು. ಒಬ್ಬ ಮನುಷ್ಯ ಒಂದು ದ್ವೀಪದಲ್ಲಿ ಅದನ್ನು ಒಂದೇ ಸಲ ಮಾಡುತ್ತಾನೆ.

"ದೋಣಿ ಎಳೆದು ಕಟ್ಟೋ ಗಡಿಬಿಡಿ. ಮರ್ತೆ."

"ಮರ್ತೆಯಾ?" ಬಾಟಿರಿ ಪಕ್ಕದಲ್ಲಿದ್ದ ಮರಳನ್ನು ಬೊಗಸೆಯಲ್ಲಿ ಎತ್ತಿ ಮುಂದೆ ಚಾಚಿದ. "ಪರವಾಗಿಲ್ಲ. ಈಗ ಹಚ್ಚಿಕೋ."

ಕಬೂಟಾ ಮರಳು ನೋಡಿದ. ಬಾಟಿರಿಯನ್ನು ನೋಡಿದ. ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿತು.

"ಹಚ್ಚಿಕೋ ಮಾರಾಯ. ಹೊಸಬ ತಾನೇ ನೀನು?"

ಎರಡನೇ ಸಲ ಹಚ್ಚಿಕೊಳ್ಳುವುದೆಂದರೆ ನೆಲದ ಯಜಮಾನರನ್ನು ಮುಖದೆದುರೇ ಅಣಕಿಸಿದಂತೆ. ಅಂಥವನನ್ನು ಕಡಲು ಮನೆಗೆ ಬಿಟ್ಟುಕೊಡುವುದಿಲ್ಲ. ಕಬೂಟಾ ಕಡಲನ್ನೇ ನಂಬಿ ಉಣ್ಣುವವನು.

"ಬೇಡ ಅಣ್ಣ" ಎಂದ. ಸಾರ್ಜೆಂಟ್ರು ಹೋಗಿ ಅಣ್ಣ ಆಗಿತ್ತು. "ಬೇಡ. ಕೆಳಗೆ ಹಾಕು ಅದನ್ನ."

ಬೆರಳ ಸಂದಿಯಿಂದ ಮರಳು ಸುರಿಯಿತು.

"ಯಾವಾಗ ಬಂದಿದ್ದೆ?"

"ಇಯೊಟೆಬಾ ಇಲ್ಲಿದ್ದಾಗಲೇ. ಪರದೇಶದ ದೋಣಿ ಒಂದರ ಜೊತೆ. ಕಡಲ ಸೌತೆ ಹೆಕ್ಕೋಕೆ, ತಳದಲ್ಲಿ ತೆವಳೋ ಆ ದುಬಾರಿ ಹುಳ."

"ಕದಿಯೋಕೆ ಅನ್ನು" ಎಂದಳು ರಕೇರಾ.

"ಸರಿ ತಾಯಿ, ಕದಿಯೋಕೆ. ಅದಕ್ಕೇ ಬಾಯಿ ಬಿಡಲಿಲ್ಲ. ಜೈಲು ನನಗೇ ತಾನೆ, ನಿನಗಲ್ಲವಲ್ಲ." ಕಬೂಟಾ ಬಲೆಯನ್ನು ಪಕ್ಕಕ್ಕೆ ಇಟ್ಟ. "ದಂಡೆಗೆ ಬಂದೆ. ನೋಡಿದ್ರೆ ಈ ಮನುಷ್ಯ ತುಟಿ ಒಡೆದುಕೊಂಡು ತೆಂಗಿನ ಬುಡದಲ್ಲಿ ಬಿದ್ದಿದಾನೆ. ಬಿದ್ದ ಕಾಯಿ ಒಡೆದು ಕುಡೀತಿದ್ನಂತೆ. ಅರ್ಧ ಕಾಯಿ ಏಡಿ ತಿಂದಿದ್ದು. ಪೀಪಾಯಿ ನೀರು ಬಾಯಿಗಿಟ್ಟಾಗಲೇ ಗೊತ್ತಾಯ್ತಂತೆ. ಅಷ್ಟೊತ್ತಿಗೆ ಹಡಗು ಕಣ್ಮರೆ."

"ನೀನೇನು ಮಾಡಿದೆ?"

"ಏನು ಮಾಡ್ಲಿ? ಬಾಗಿದ ಮರ ಹುಡುಕಿ ಹತ್ತೋದು ಕಲಿಸಿದೆ. ಹೊಂಬಾಳೆ ಕಟ್ಟೋದು, ಕೆತ್ತೋದು. ನನ್ನ ಸಣ್ಣ ಚಾಕು ಬಿಟ್ಟೆ. ಇಲ್ಲೊಂದು ಮರ, ಮೂಡಣ ದಿಣ್ಣೆಯಲ್ಲೆರಡು ಮರ. ಇಳಿತದಲ್ಲಿ ದಾಟಿ ಬಂದು ಬೆಳಿಗ್ಗೆ ಇದನ್ನ ಕೆತ್ತು, ಸಂಜೆ ಅಲ್ಲಿರೋದನ್ನ ಕೆತ್ತು ಅಂದೆ. ಮೊದಲ ದಿನ ಮೂರು ಸಲ ಬಿದ್ದ. ಪೆದ್ದ. ಆದ್ರೆ ಹಟಮಾರಿ."

ಮೂರು ಸಲ ಬಿದ್ದ ಇಯೊಟೆಬಾ ಬಾಟಿರಿಯ ಕಣ್ಣಿಗೆ ಕಟ್ಟಿದ.

"ನಿನ್ನ ದೋಣಿಯಲ್ಲೇ ಕರ್ಕೊಂಡು ಹೋಗಬಹುದಿತ್ತಲ್ಲ?"

"ಕರೆದೆ. ಬರಲ್ಲ ಅಂದ. ಕಳ್ಳರ ದೋಣಿ ಹತ್ತಿದ್ರೆ ನನ್ನ ಮಾತನ್ನ ಯಾರು ನಂಬ್ತಾರೆ ಅಂದ. ಗೋರಿಕಲ್ಲುಗಳನ್ನ ಇನ್ನೂ ನೋಡೋದಿದೆ ಅಂದ. ಇಲ್ಲಿ ಹುಟ್ಟಿದವನು ಯಾರು, ಹುಟ್ಟದವನು ಯಾರು ಅಂತ ನನಗೆ ಗೊತ್ತಾಗಿಬಿಡುತ್ತೆ ಅಂತ ಯಾರಿಗೋ ಭಯ ಆಗಿದೆ, ಅದಕ್ಕೇ ನೀರು ಕೆಡಿಸಿದಾರೆ ಅಂತ."

"ಯಾರು ಅಂತ ಹೆಸರು ಹೇಳಿದ್ನಾ?"

"ನಂಗ್ಯಾಕೆ ಹೇಳ್ತಾನೆ? ಒಂದು ಮಾತು ಹೇಳಿದ. ಮುಂದೆ ಯಾರೇ ಬರಲಿ, ಓಡಿ ಹೋಗಿ ಕೈ ಬೀಸಲ್ಲ, ಮೊದಲು ಮರೆಯಲ್ಲಿ ನಿಂತು ಯಾರ್ಯಾರು ಇಳೀತಾರೆ ನೋಡ್ತೀನಿ ಅಂದ. ನೀರು ಕೆಡಿಸಿದವನೇ ಹೆಣ ನೋಡೋಕೆ ಬರ್ತಾನೆ ಅಂತ."

ನಿನ್ನೆ ಅವನು ನೋಡಿದ್ದಾನೆ. ನಾಲ್ವರನ್ನೂ ನೋಡಿದ್ದಾನೆ. ನೋಡಿ ಹೊರಗೆ ಬಂದಿಲ್ಲ.

ಬಾಟಿರಿಯ ನೋಟ ಮತ್ತೆ ಕಬೂಟಾನ ಮೇಲೆ ನಿಂತಿತು. "ಅವನು ಹೆದರಿದ್ದು ನಿನಗೇ ಇರಬಹುದಲ್ಲ?"

"ಚಾಕು ಕೊಟ್ಟವನಿಗಾ?" ಕಬೂಟಾ ಮೊದಲ ಸಲ ಸಿಟ್ಟಾದ. "ನೀವು ಓದಿದವರು ಅಣ್ಣ, ಪರೀಕ್ಷೆ ಪಾಸು ಮಾಡಿದವರು. ಮರಳು ಯಾರು ಹಚ್ಚಿಕೊಳ್ಳಲಿಲ್ಲ ಅಂತ ನೋಡಿದ್ರಿ, ನನ್ನನ್ನ ಹಿಡಿದ್ರಿ. ಒಳ್ಳೇದು. ಯಾರು ಹಚ್ಚಿಕೊಂಡ್ರು ಅಂತ ನೋಡಿದ್ರಾ?"

"ನಾನು, ರಕೇರಾ…"

ಬಾಟಿರಿ ನಿಲ್ಲಿಸಿದ.

ನಿನ್ನೆಯ ಸಂಜೆ. ಅಲೆ ಇನ್ನೂ ಮೊಣಕಾಲು ತೊಳೆಯುತ್ತಿತ್ತು. ಮುದುಕ ಟೆಬಾನೊ ಬಾಟಿರಿಯ ತೋಳು ಹಿಡಿದು ದೋಣಿಯಿಂದ ಇಳಿದ. ದಂಡೆಯಲ್ಲಿ ಮಂಡಿಯೂರಿದ. ಎರಡೂ ಕೈಯಲ್ಲಿ ಮರಳು ಎತ್ತಿ, ಮೆಲ್ಲಗೆ, ಬಹಳ ಮೆಲ್ಲಗೆ, ಕೆನ್ನೆಗಳಿಗೆ ಸವರಿಕೊಂಡ. ಕಣ್ಣಲ್ಲಿ ನೀರಿತ್ತು. ಎಷ್ಟು ವರ್ಷಗಳ ಮೇಲೆ ಹುಟ್ಟಿದ ಮಣ್ಣು ಮುಟ್ಟುತ್ತಿದ್ದಾನೋ ಎಂದು ಬಾಟಿರಿಗೂ ಎದೆ ತುಂಬಿ ಬಂದಿತ್ತು. ಹಿರಿಯನ ದುಃಖವನ್ನು ದಿಟ್ಟಿಸಿ ನೋಡಬಾರದೆಂದು ಮುಖ ತಿರುಗಿಸಿದ್ದ.

"ಹುಟ್ಟಿದ ಮನೆಗೆ ಯಾರಾದ್ರೂ ಅಪ್ಪಣೆ ಕೇಳಿ ಒಳಗೆ ಹೋಗ್ತಾರಾ ಅಣ್ಣ?" ಎಂದ ಕಬೂಟಾ.

ಬುಕಾ ಮರದಿಂದ ಒಂದು ಹಕ್ಕಿ ಎದ್ದು ಹೋಯಿತು.

"ಆ ಅಜ್ಜ ಅಬಾರೊರೊದವರೇ ಅಲ್ಲ" ಎಂದಳು ರಕೇರಾ. ಅವಳ ಜೋರು ಬಾಯಿಯಿಂದ ಅಷ್ಟು ಸಣ್ಣ ದನಿ ಬಾಟಿರಿ ಕೇಳಿರಲಿಲ್ಲ. "ಗುತ್ತಿಗೆಯ ಹಕ್ಕಿಗೋಸ್ಕರ ಸುಳ್ಳು ಹೇಳ್ಕೊಂಡು ಬಂದಿದಾರೆ. ಆದ್ರೆ ನೆಲದ ಯಜಮಾನರ ಹತ್ರ ಸುಳ್ಳು ಹೇಳೋಕೆ ಧೈರ್ಯ ಆಗಿಲ್ಲ."

ಆಗ ಬಾಟಿರಿಗೆ ತಂಗಿಯ ಇನ್ನೊಂದು ಮಾತು ನೆನಪಾಯಿತು. ಬಂದರಿನಲ್ಲಿ ಮುದುಕನನ್ನು ತೋರಿಸಿ ಹೇಳಿದ್ದು. ಎಷ್ಟು ಒಳ್ಳೆಯವರು ಅಣ್ಣ, ನಮ್ಮವರು ಹೊರಟ ದಿನವೂ ಬಂದಿದ್ದರು, ನೀರಿನ ಪೀಪಾಯಿ ತಾವೇ ತುಂಬಿಸಿ, ಮುಚ್ಚಳದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕೊಟ್ಟರು.

ಇಯೊಟೆಬಾ ನಿನ್ನೆ ಮರೆಯಿಂದ ಕಂಡದ್ದು ಇದನ್ನೇ. ಪೀಪಾಯಿಯ ಮುದುಕ, ಹೆಂಡತಿಯ ಅಣ್ಣನ ತೋಳು ಹಿಡಿದುಕೊಂಡು ಇಳಿಯುತ್ತಿದ್ದಾನೆ. ಬೆಳಿಗ್ಗೆಯಿಂದ ಹೆಸರು ಹಿಡಿದು ಕೂಗಿದ್ದಕ್ಕೆ ಉತ್ತರ ಯಾಕೆ ಬರಲಿಲ್ಲ ಎಂದು ಈಗ ಗೊತ್ತಾಯಿತು. ತನ್ನನ್ನೂ ಅವನು ನಂಬಿರಲಿಲ್ಲ.

"ಅಜ್ಜ ಎಲ್ಲಿ?" ಎಂದು ಕಬೂಟಾ ಕೇಳಿದ.

ಬಾಟಿರಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಖಾಲಿ ಒರೆ ಬೆರಳಿಗೆ ತಾಗಿತು.

"ಮೂಡಣ ದಿಣ್ಣೆಗೆ" ಎಂದ. "ನನ್ನ ಕತ್ತಿ ತಗೊಂಡು."

ಮೂವರೂ ಓಡಿದರು.

ಕಾಲುವೆಯ ಹತ್ತಿರ ಬರುವಷ್ಟರಲ್ಲಿ ಉಬ್ಬರ ಏರತೊಡಗಿತ್ತು. ಮುದುಕ ಕಣಕಾಲು ನೀರಿನಲ್ಲಿ ದಾಟಿದ ಜಾಗದಲ್ಲಿ ಈಗ ಹಸಿರುಗಪ್ಪು ನೀರು, ಹೊರಗಡಲಿಂದ ಒಳಗಡಲಿಗೆ ನುಗ್ಗುತ್ತ, ಸುಳಿ ಸುತ್ತುತ್ತಿತ್ತು. ಆಚೆ ದಡ ಕೂಗಳತೆಯಲ್ಲೇ ಇತ್ತು. ತೆಂಗಿನ ತಲೆಗಳು ಸಂಜೆಯ ಬೆಳಕಿನಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಬೆಳಿಗ್ಗೆಯಿಂದ ಬೀಸುತ್ತಿದ್ದ ಗಾಳಿ ಬಿದ್ದುಹೋಗಿತ್ತು.

"ದೋಣಿ ತರ್ತೀನಿ" ಎಂದ ಕಬೂಟಾ. ಆದರೆ ಹೊರಡಲಿಲ್ಲ. ಅಪ್ಪಣೆಗೆ ಕಾದವನ ಹಾಗೆ ಬಾಟಿರಿಯ ಮುಖ ನೋಡಿದ.

ಇವನನ್ನು ಒಬ್ಬನೇ ದೋಣಿಯ ಹತ್ತಿರ ಬಿಡುವುದೇ? ಜೈಲಿನ ಹೆದರಿಕೆ ಇರುವವನು. ಒಂದು ಸಲ ಸುಳ್ಳು ಹೇಳಿದವನು. ಬಿಡದಿದ್ದರೆ ದಾಟುವುದು ಹೇಗೆ? ಬಾಟಿರಿಗೆ ಯಾವುದು ಸರಿ ಎಂದು ತಿಳಿಯಲಿಲ್ಲ. ಇಂದು ಬೆಳಿಗ್ಗೆಯಿಂದ ಅವನು ಸರಿ ಎಂದುಕೊಂಡದ್ದೆಲ್ಲ ತಪ್ಪಾಗಿತ್ತು.

"ಓಡು" ಎಂದ.

ಕಬೂಟಾ ಹೆಜ್ಜೆ ಎತ್ತಿದ್ದ. ಎತ್ತಿದ ಹಾಗೇ ನಿಂತುಬಿಟ್ಟ.

ಆಚೆ ದಡದಿಂದ ಹಾಡು ಕೇಳಿಬಂತು.

ಎತ್ತರದಲ್ಲಿ ಎಲ್ಲೋ, ತೆಂಗಿನ ಗರಿಗಳ ನಡುವಿನಿಂದ. ಒಡಕು ಗಂಟಲು, ತಾಳ ತಪ್ಪಿದ ರಾಗ. ಮೀರೆಯ ಮದುವೆಯಲ್ಲಿ ಹಾಡಿ ಇಡೀ ಸಭೆಯನ್ನು ನಗಿಸಿದ್ದ ಗಂಟಲು ಅದು. ಬಾಟಿರಿಗೆ ಗುರುತು ಹಿಡಿಯಲು ಎರಡನೇ ಸಾಲು ಬೇಕಾಗಲಿಲ್ಲ.

"ಅವನೇ!" ರಕೇರಾ ಅವನ ತೋಳು ಹಿಡಿದಳು. "ಬದುಕಿದಾನೆ! ಅಡಗಿದ್ದವನು ಹಾಡ್ತಿದಾನಲ್ಲ, ಹುಚ್ಚನಾ ಅವನು?"

ಕಬೂಟಾನ ಮುಖ ಬೂದಿಯಾಗಿತ್ತು. "ಸಂಜೆ ಕೆತ್ತೋ ಹೊತ್ತು. ನಾನೇ ಹೇಳಿದ್ದೆ ಅಣ್ಣ. ಹಾಡದೆ ಹೊಂಬಾಳೆ ಮುಟ್ಟಬೇಡ, ಮರ ಮುನಿಸಿಕೊಂಡು ನೀರಾ ನಿಲ್ಲಿಸಿಬಿಡುತ್ತೆ ಅಂತ. ಬೆಳಿಗ್ಗೆನೂ ಹಾಡಿರ್ತಾನೆ. ನಮಗೆ ಅಲೆ ಸದ್ದಿಗೆ ಕೇಳಿಸಿಲ್ಲ."

ಒಂದು ಮರದ ನೀರಾ ಒಬ್ಬನ ಹೊಟ್ಟೆಗೆ ಸಾಲಲ್ಲ. ಮುದುಕ ಹೇಳಿಕೊಂಡ ಮಾತಿನ ಅರ್ಥ ಈಗ ಬಾಟಿರಿಯ ತಲೆಯೊಳಗೆ ಬಿಚ್ಚಿಕೊಂಡಿತು. ಬೇರೆ ಮರಗಳಿವೆ ಎಂದು ಮುದುಕನಿಗೆ ಆಗಲೇ ಹೊಳೆದಿತ್ತು. ಅವನು ಹುಡುಕುವ ಕಷ್ಟವನ್ನೇನೂ ತೆಗೆದುಕೊಂಡಿರಲಾರ. ಸಂಜೆಯಾಗಲಿ, ಹಾಡು ಕೇಳಲಿ ಎಂದು ಎಲ್ಲೋ ಬುಡದಲ್ಲಿ ಕೂತು ಕಾದಿದ್ದಾನೆ, ಅಷ್ಟೆ.

"ಇಯೊಟೆಬಾ!" ಬಾಟಿರಿ ಎದೆ ಬಿರಿಯುವಂತೆ ಕೂಗಿದ. "ಹಾಡಬೇಡ! ಹಾಡಬೇಡವೋ!"

ಕಾಲುವೆಯ ಮೊರೆತ ಆ ಕೂಗನ್ನು ಅಲ್ಲೇ ನುಂಗಿತು. ಕಬೂಟಾ ದೋಣಿಯ ಕಡೆ ಓಡುತ್ತಿದ್ದ, ಅಥವಾ ದೋಣಿ ಸಿಕ್ಕಿತೆಂದು ಓಡಿಹೋಗುತ್ತಿದ್ದ. ತಿರುಗಿ ನೋಡಲು ಬಾಟಿರಿಗೆ ಹೊತ್ತಿರಲಿಲ್ಲ. ಬೂಟು ಕಳಚದೆಯೇ ನೀರಿಗೆ ಇಳಿದ. ಸೊಂಟ. ಎದೆ. ಸೆಳೆತ ಕಾಲನ್ನು ಹವಳದ ಮೇಲಿಂದ ಕಿತ್ತು ಪಕ್ಕಕ್ಕೆ ಎಳೆಯಿತು.

ಹಾಡು ಎರಡನೇ ಸಾಲಿಗೆ ಏರಿತು. ಇಯೊಟೆಬಾ ಅದೇ ಜಾಗದಲ್ಲಿ ಎಂದಿನಂತೆ ತಾಳ ತಪ್ಪಿದ.

ಆಗ ಕೆಳಗಿನಿಂದ, ಅದೇ ಮರದ ಬುಡದಿಂದ, ಇನ್ನೊಂದು ದನಿ ಸೇರಿಕೊಂಡಿತು. ಮಾಗಿದ ದನಿ. ಒಂದಿಷ್ಟೂ ಅವಸರವಿಲ್ಲದ, ತಾಳ ತಪ್ಪಿದವನಿಗೆ ತಿದ್ದಿ ಹೇಳಿಕೊಡುವಂಥ ದನಿ.

ಮೇಲಿನ ಹಾಡು ಥಟ್ಟನೆ ನಿಂತಿತು.

ಕೆಳಗಿನದು ಮುಂದಿನ ಸಾಲು ಹಾಡಿತು.